ಎಳೆಯಿಲ್ಲದ ರಂಗೋಲಿ

ಕಲಬುರಗಿಯಲ್ಲಿ ಕರೆಂಟು ಹೋದರೆ ಖುಷಿಪಡುವ ಮನುಷ್ಯ ಒಬ್ಬನೇ ಇದ್ದಾನೆ, ಬ್ರಹ್ಮಪುರದ ಆನಂದತೀರ್ಥ. ಏಪ್ರಿಲ್ ಬಿಸಿಲಿಗೆ ಊರೆಲ್ಲ ಬೀಸಣಿಗೆ ಹುಡುಕುವಾಗ ಈತ ಬಾಯಿಗೆ ಕರವಸ್ತ್ರ ಕಟ್ಟಿಕೊಂಡು, ನೆಲಕ್ಕೆ ಬಗ್ಗಿ, ಇನ್ನೊಂದು ತಾಸು ಬರದಿದ್ದರೆ ಸಾಕಪ್ಪ ಎಂದುಕೊಳ್ಳುತ್ತಿರುತ್ತಾನೆ. ಆತ ಚಿತ್ರ ತೆಗೆಯುವುದು ರಂಗೋಲಿ ಪುಡಿಯಲ್ಲಿ. ಫ್ಯಾನು ತಿರುಗಿತೆಂದರೆ ವಾರದ ಕೆಲಸ ಮೂಲೆ ಸೇರುತ್ತದೆ.

ಹೊಟ್ಟೆಪಾಡಿಗೆ ಕಮಲಾಪುರದ ಶಾಲೆಯೊಂದರಲ್ಲಿ ಗಣಿತದ ಮಾಸ್ತರಿಕೆ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾನೆ. ದಾರಿಯುದ್ದಕ್ಕೂ ಪಕ್ಕದವರ ಮುಖವನ್ನೇ ದಿಟ್ಟಿಸುತ್ತಾ, ಆ ಕೆನ್ನೆಯ ನೆರಳಿಗೆ ಯಾವ ಪುಡಿ ಬೆರೆಸಬೇಕೆಂದು ಯೋಚಿಸುವ ಚಟ. ಹೀಗೆ ನೋಡಿ ನೋಡಿ ಬೈಸಿಕೊಂಡದ್ದೂ ಉಂಟು.

ಚಿಕ್ಕಂದಿನಲ್ಲಿ ತಾಯಿ ಜಾನಕೀಬಾಯಿ ಅಂಗಳ ಸಾರಿಸಿ ರಂಗೋಲಿ ಹಾಕುವಾಗ ಡಬ್ಬಿ ಹಿಡಿದು ನಿಲ್ಲುತ್ತಿದ್ದ. ಓಣಿಯವರು ‘ಆನಂದೀಬಾಯಿ’ ಎಂದು ಹೆಸರಿಟ್ಟು ಕಾಡುತ್ತಿದ್ದರು. ಹೆಸರಿಟ್ಟ ಆ ಮಂದಿಯೇ ಈಗ ಮಗಳ ಮದುವೆಗೆ ‘ಸರ, ಮಂಟಪದ ಮುಂದ ಒಂದು ಛಲೋ ರಂಗೋಲಿ’ ಎಂದು ಬಾಗಿಲಿಗೆ ಬರುತ್ತಾರೆ. ಈತನೂ ಹಲ್ಲು ಕಿಸಿದು ಹೋಗುತ್ತಾನೆ. ನಾನಾಗಿದ್ದರೆ ಒಂದಿಷ್ಟು ಸತಾಯಿಸುತ್ತಿದ್ದೆ.

ಊರು ಒಪ್ಪಿತು, ಜಾನಕೀಬಾಯಿ ಮಾತ್ರ ಒಪ್ಪಲಿಲ್ಲ. ಮಗನ ಕೆಲಸಕ್ಕೆ ಆಕೆ ಇಟ್ಟ ಹೆಸರು ‘ಪುಡಿಚಿತ್ರ’.

“ರಂಗೋಲಿ ಅಂದ್ರ ಎಳಿ ಇರಬೇಕೋ ಆನಂದ. ನೀ ಒಂದು ಎಳಿ ಎಳದದ್ದು ನಾ ಕಂಡಿಲ್ಲ, ಬರೇ ಉಪ್ಪು ಉದುರಿಸಿದಂಗ ಉದುರಸ್ತಿ. ನಸಿಕಿನಾಗ ಹಾಕಬೇಕು, ಮರುದಿನ ಬಳೀಬೇಕು. ಅದಕ್ಕ ಹಗ್ಗ ಕಟ್ಟಿ ಕಾಯೋದು ಯಾತರ ರಂಗೋಲಿ?”

ಎಷ್ಟು ಪ್ರದರ್ಶನಗಳಾದರೂ ಆಕೆ ಒಂದಕ್ಕೂ ಕಾಲಿಡಲಿಲ್ಲ. ಗೋಡೆ ತುಂಬ ಪ್ರಶಸ್ತಿಪತ್ರಗಳಿದ್ದರೂ ಆನಂದತೀರ್ಥನ ಜೀವ ಹಂಬಲಿಸುತ್ತಿದ್ದದ್ದು ತಾಯಿಯ ಬಾಯಲ್ಲಿ ‘ರಂಗೋಲಿ’ ಎಂಬ ಒಂದು ಮಾತಿಗೆ. ಈ ವಯಸ್ಸಿನಲ್ಲಿ ಇದನ್ನು ಯಾರ ಮುಂದೆ ಹೇಳಿಕೊಳ್ಳುವುದು?

ಈ ವರ್ಷ ಆತನ ತಲೆಗೆ ಹೊಕ್ಕದ್ದು ಕಮಲಾಪುರದ ಕೆಂಪು ಬಾಳೆ. ಶಾಲೆಯ ಸಭಾಂಗಣದಲ್ಲಿ ಸುತ್ತಲಿನ ಕಲಾವಿದರ ಪ್ರದರ್ಶನವಿತ್ತು, ಚೆಂದದ್ದಕ್ಕೆ ಬಹುಮಾನವೂ ಇತ್ತು. ಅಲ್ಲಿಗೆ ಒಂದು ಬುಟ್ಟಿ ಹಣ್ಣಿನ ಚಿತ್ರ ತೆಗೆಯಬೇಕು. ಹಣ್ಣು ಸುಲಭ, ಅದರ ಸಿಪ್ಪೆಯ ಬಣ್ಣವೇ ಪೀಡೆ. ಅದು ಕೆಂಪೂ ಅಲ್ಲ, ಕಂದೂ ಅಲ್ಲ, ಮೇಲೊಂದು ತೆಳ್ಳಗಿನ ಬೂದಿ ಹಾರಿದಂಥ ಮಸುಕು ಬೇರೆ. ಇವತ್ತು ನೋಡಿದ ಬಣ್ಣ ನಾಳೆಗೆ ಮಾಗಿ ಇನ್ನೊಂದಾಗುತ್ತದೆ. ಹಾಗಾಗಿ ದಿನಾ ಸಂಜೆ ಕೆಂಪು ಬಾಳೆಯ ಹೊಸದೊಂದು ಹಣಿಗೆ ಮನೆಗೆ ಬಂತು. ಹೆಂಡತಿ ಮಾಧವಿ ಬಾಳೆಹಣ್ಣಿನ ಶಿರಾ ಮಾಡಿದಳು, ಸೀಕರಣಿ ಮಾಡಿದಳು, ಕೊನೆಗೆ ಹಣಿಗೆ ಕಂಡರೆ ಅಡುಗೆಮನೆ ಬಾಗಿಲು ಹಾಕಿಕೊಂಡಳು. ತಂದೆ ಗೋಪಾಲರಾಯರು ಮಾತ್ರ ಸೀಕರಣಿಯ ಆಸೆಗೆ ಕಡೆತನಕ ಮಗನ ಪಕ್ಷ ಬಿಡಲಿಲ್ಲ.

ಪುಡಿಯನ್ನು ತಂದೆಯ ಹಳೆಯ ಧೋತರದಲ್ಲಿ ಸೋಸಿ, ಬೆರೆಸಿ, ಒಲ್ಲದ್ದನ್ನು ಚೆಲ್ಲಿ, ಅಂತೂ ಬಣ್ಣ ಕೂಡಿಬಂತು. ಸಭಾಂಗಣದ ನೆಲದ ಮೇಲೆ ಇಟ್ಟಿಗೆಗಳಿಗೆ ಅಡ್ಡ ಹಲಗೆ ಹಾಕಿ, ಅದರ ಮೇಲೆ ಬೋರಲು ಮಲಗಿ, ಹೆಬ್ಬೆರಳು ತೋರುಬೆರಳ ನಡುವಿನಿಂದ ಚಿಟಿಕೆ ಚಿಟಿಕೆ ಉದುರಿಸಿದ. ತಪ್ಪಿ ಬಿದ್ದ ಕಾಳನ್ನು ಎಳನೀರಿನ ಸ್ಟ್ರಾದಿಂದ ಮೆಲ್ಲಗೆ ಹೀರಿ ಎತ್ತುವುದು ಆತನದೇ ಉಪಾಯ. ಹಿಂದೊಮ್ಮೆ ಜೋರಾಗಿ ಹೀರಿ ಅರ್ಧ ಚಂದ್ರನನ್ನೇ ನುಂಗಿಬಿಟ್ಟಿದ್ದ. ಅಂದಿನಿಂದ ಹುಷಾರು. ಫ್ಯಾನಿನ ಸ್ವಿಚ್ ಬೋರ್ಡಿಗೆ ಪೂರ್ತಿ ಟೇಪು ಬಡಿದಿದ್ದ.

“ಸರ, ಮಂದಿ ರಂಗೋಲಿ ನೋಡಾಕ ಬರ್ತಾರೋ ಬೇಯಾಕ ಬರ್ತಾರೋ?” ಎಂದು ಹೆಡ್‌ಮಾಸ್ತರ ಮಹಾದೇವ ಗೊಣಗಿದರು. ಆದರೆ ಉದ್ಘಾಟನೆಯ ದಿನ ಸೆಕೆ ತಾಳದೆ ಭಾಷಣಕಾರರೆಲ್ಲ ನಾಲ್ಕೇ ಮಾತಿಗೆ ಕೂತುಬಿಟ್ಟಾಗ, ಹೆಡ್‌ಮಾಸ್ತರರೇ ಬಂದು ಆನಂದತೀರ್ಥನ ಕೈ ಕುಲುಕಿದರು.

ತೀರ್ಪುಗಾರರು ಬರುವ ದಿನ ಮಾಧವಿಯ ಜೊತೆ ಬಸ್ಸಿಳಿದು ಬಂದದ್ದು ಜಾನಕೀಬಾಯಿ! ಆನಂದತೀರ್ಥ ಚಿತ್ರದ ಸುತ್ತ ಕಟ್ಟಿದ್ದ ಹಗ್ಗವನ್ನು ಇನ್ನೊಮ್ಮೆ ಬಿಗಿದ.

“ಮನಿ ಮಂದಿಗೆಲ್ಲಾ ಬಾಳಿಹಣ್ಣು ತಿನಿಸಿ ಸಾಕು ಮಾಡಿದಿ. ಅದೇನು ಹೊಳಿ ಹರಿಸೀಯೋ ನೋಡೂಣು ಅಂತ ಬಂದೆ,” ಎಂದಳು ಆಕೆ, ಚಪ್ಪಲಿ ಹೊರಗೆ ಬಿಟ್ಟು.

ಹಗ್ಗದ ಹತ್ತಿರ ನಿಂತು ನೋಡಿದಳು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದಳು. ಮಗ ತಾಯಿಯ ಮುಖವನ್ನೂ ಆಕೆಯ ಸೆರಗನ್ನೂ ಒಟ್ಟಿಗೆ ಕಾಯುತ್ತಾ ನಿಂತಿದ್ದ. ಆಮೇಲೆ ಚೀಲಕ್ಕೆ ಕೈ ಹಾಕಿ ಎರಡು ಪುಟ್ಟ ಭರಣಿ ತೆಗೆದಳು. “ಆಯೀ...” ಎಂದು ಮಗ ಅನ್ನುವಷ್ಟರಲ್ಲಿ ಆಕೆ ಹಗ್ಗದ ಮೇಲಿಂದ ಬಗ್ಗಿಯಾಗಿತ್ತು. ಒಂದು ಚಿಟಿಕೆ ಅರಿಷಿಣ, ಒಂದು ಚಿಟಿಕೆ ಕುಂಕುಮ, ಸರಿಯಾಗಿ ನಟ್ಟನಡುವಿನ ಹಣ್ಣಿನ ಮೇಲೆ ಬಿತ್ತು.

ಮಹಾದೇವ ಮಾಸ್ತರರು ತಲೆಯ ಮೇಲೆ ಕೈ ಇಟ್ಟುಕೊಂಡರು.

“ಇಷ್ಟು ಚಂದ ರಂಗೋಲಿ ಹಾಕಿ, ಅರಿಷಿಣ ಕುಂಕುಮ ಏರಿಸದ ಹಂಗೇ ಬಿಟ್ಟೀಯಲ್ಲೋ ಹುಚ್ಚಾ,” ಎಂದಳು ಜಾನಕೀಬಾಯಿ.

ಆನಂದತೀರ್ಥನಿಗೆ ಮಿಕ್ಕದ್ದೇನೂ ಕೇಳಿಸಲಿಲ್ಲ. ರಂಗೋಲಿ ಎಂದಿದ್ದಳು.

“ಸರ, ಸ್ಟ್ರಾ ತಗೀರಿ, ಲಗೂ ಎತ್ರಿ, ಅವರು ಬಂದ್ರು!” ಎಂದು ಮಹಾದೇವ ಪಿಸುಗುಟ್ಟಿದರು. ಆನಂದತೀರ್ಥನ ಕೈ ಜೇಬಿಗೆ ಹೋಯಿತು. ಸ್ಟ್ರಾ ಬೆರಳಿಗೂ ಸಿಕ್ಕಿತು. ಆದರೆ ಹೊರಗೆ ಬಂದದ್ದು ಕರವಸ್ತ್ರ, ಅದರಿಂದ ಕಣ್ಣು ಒರೆಸಿಕೊಂಡ.

ನಗರದಿಂದ ಬಂದ ತೀರ್ಪುಗಾರರು ಸುತ್ತು ಹಾಕಿದರು, ಬಣ್ಣಕ್ಕೆ ತಲೆದೂಗಿದರು. “ಈ ನಡುವಿನ ಹಣ್ಣಿನ ಮೇಲೆ ಏನೋ ಬಿದ್ದದಲ್ರೀ?” ಎಂದು ಒಬ್ಬರು ಕೇಳಿದರು.

“ಬಿದ್ದದ್ದಲ್ರೀ. ನಮ್ಮ ಆಯಿ ಹಾಕ್ಯಾಳ. ಈಗ ಪೂರಾ ಆತು,” ಎಂದ.

ಅವರು ಏನೋ ಬರೆದುಕೊಂಡು ಹೋದರು. ಬಹುಮಾನ ನವಿಲಿನ ಚಿತ್ರ ತೆಗೆದವನಿಗೆ ಹೋಯಿತು, ಈತ ವಿಚಾರಿಸಲೂ ಇಲ್ಲ. ತಿರುಗಿ ನೋಡಿದರೆ ಜಾನಕೀಬಾಯಿ ಕುರ್ಚಿಯಲ್ಲಿ ಕೂತು ಬೆವರಿ ತೊಪ್ಪೆಯಾಗಿದ್ದಳು. ಜನ್ಮದಲ್ಲಿ ಮಾಡದ್ದನ್ನು ಆನಂದತೀರ್ಥ ಆಗ ಮಾಡಿದ. ನೇರ ಬೋರ್ಡಿನ ಹತ್ತಿರ ಹೋಗಿ ಟೇಪು ಕಿತ್ತ. ಬೇಕಾಗಿದ್ದ ಮಾತು ಸಿಕ್ಕಿಯಾಗಿತ್ತು, ಇನ್ನು ಹಾರಿದರೆ ಹಾರಲಿ. ಸ್ವಿಚ್ಚಿನ ಮೇಲೆ ಬೆರಳಿಟ್ಟ.

“ಏ! ತಗೀ ಕೈ!” ಜಾನಕೀಬಾಯಿ ಕುರ್ಚಿಯಿಂದ ಎದ್ದೇ ಬಿಟ್ಟಳು. “ರಂಗೋಲಿ ಹಾರ್ತದ, ಖಬರ್ ಅದ ಏನು ನಿನಗ?”

ಕುರ್ಚಿಯನ್ನು ತಾನೇ ಎಳೆದುಕೊಂಡು ಹೋಗಿ ಬೋರ್ಡಿನ ಕೆಳಗೆ ಹಾಕಿ ಕೂತಳು. ಪ್ರದರ್ಶನ ಮುಗಿಯುವ ತನಕ ಕಮಲಾಪುರದವರೆಲ್ಲ ಬೆವರಿದರು. ಸ್ವಿಚ್ಚು ಮುಟ್ಟುವ ಧೈರ್ಯ ಮಾತ್ರ ಯಾರಿಗೂ ಆಗಲಿಲ್ಲ.