ಸೊನ್ನೆ ಅಕ್ಕನ ಹನ್ನೆರಡನೆಯ ಜಾಗ

ಅವಳಿಗೆ ಸೊನ್ನೆ ಅಕ್ಕ ಎಂದು ಹೆಸರಿಟ್ಟವನು ನಾನೇ. ಮೂರು ವರ್ಷ ಅವಳ ದೋಣಿಗೆ ಹುಟ್ಟು ಹಾಕಿದ್ದೇನೆ, ಅಷ್ಟು ಹಕ್ಕು ನನಗಿದೆ. ಕೆರೆಯ ಉತ್ತರದ ಮೂಲೆಯಲ್ಲಿ ಊರಿಗೆ ಕುಡಿಯುವ ನೀರೆತ್ತುವ ಪಂಪು. ಅದರ ಸುತ್ತ ಹನ್ನೆರಡು ಕಡೆ ಬಿಳಿ ಡಬ್ಬಿ ತೇಲಿಸಿ ಗುರುತು ಮಾಡಿದ್ದಾರೆ. ಪ್ರತಿ ಗುರುತಿನಲ್ಲೂ ಹಗ್ಗ ಕಟ್ಟಿದ ಕಬ್ಬಿಣದ ಕೊಕ್ಕೆ ಎಸೆದು ಎಳೆಯುವುದು ಅವಳ ಕೆಲಸ. ದಕ್ಷಿಣದ ದಂಡೆಯನ್ನು ನುಂಗಿ ಕೂತ, ಹೊರದೇಶದಿಂದ ಬಂದ ನೀರುಕಳೆ ಇಲ್ಲಿಗೂ ಬಂತೇ ಎಂದು ನೋಡಬೇಕು. ಬೆರಳುದ್ದದ ತುಂಡು ಸಾಕು, ಬೇರುಬಿಟ್ಟು ಹಬ್ಬುತ್ತದೆ; ಪಂಪಿಗೆ ಸುತ್ತಿಕೊಂಡರೆ ಊರಿಗೆ ನೀರಿಲ್ಲ. ಏನೂ ಸಿಗದಿದ್ದರೆ ಪುಸ್ತಕದಲ್ಲಿ ಸೊನ್ನೆ. ನಾನು ಅವಸರ ಮಾಡಿದರೆ, "ಯಾಕೆ, ಊರೇನ್ ಮುಳುಗ್ತಿದ್ಯಾ? ಸುಮ್ನೆ ಹುಟ್ಟು ಹಿಡ್ಕೊಂಡು ಕೂತ್ಕೊ" ಎಂದು ಬೈಯುತ್ತಿದ್ದಳು.

ಆ ಸೊನ್ನೆಗಳೇ ಅವಳಿಗೆ ಮುಳುವಾದವು. ಕೆರೆಯ ಖರ್ಚಿನ ಸಭೆಯಲ್ಲಿ ನೀರು ಸರಬರಾಜಿನ ಇಂಜಿನಿಯರ್ ಅವಳ ಪುಸ್ತಕದ ಪುಟ ಮಗುಚುತ್ತಾ, "ಮೂರು ವರ್ಷದಿಂದ ಏನೂ ಇಲ್ಲ ಅಂತಾನೇ ಬರ್ದಿದ್ದೀರಿ. ಇಲ್ಲದ್ದನ್ನ ನೋಡೋಕೆ ಖರ್ಚು ಯಾಕಮ್ಮ? ಆ ದುಡ್ಡಲ್ಲಿ ಕಳೆ ಕೀಳೋಕೆ ಇನ್ನೂ ಆರು ಜನ ಸಿಗ್ತಾರೆ" ಎಂದರು.

"ಒಂದು ತುಂಡಿದ್ದಾಗ ಕಂಡ್ರೆ ಕೈಯಲ್ಲೇ ಕೀಳ್ಬಹುದು ಸಾರ್. ಹಬ್ಬಿದ್ಮೇಲೆ ಆ ಆರು ಜನ ಏನ್ ಕಿಸೀತಾರೆ?"

ಶುಕ್ರವಾರವೇ ಕೊನೆಯ ಸುತ್ತು ಎಂದು ತೀರ್ಮಾನವಾಯಿತು.

ಅವಳ ತಂಗಿ ದಕ್ಷಿಣದ ದಂಡೆಯಲ್ಲಿ ಕಳೆ ಕೀಳುವವಳು. ಗುರುವಾರ ಊಟಕ್ಕೆ ನಮ್ಮ ಜೊತೆ ಕೂತು, ಹರಿದ ಕೈಗವಸನ್ನು ಕೆಂಪು ದಾರದಲ್ಲಿ ಹೊಲಿಯುತ್ತಾ, "ಅಕ್ಕಾ, ನಾನೊಂದು ತುಂಡು ತಂದ್ಕೊಡ್ತೀನಿ. ಸಿಕ್ತು ಅಂತ ತೋರ್ಸು. ಯಾರಿಗ್ ಗೊತ್ತಾಗುತ್ತೆ?" ಎಂದಳು.

ಸೊನ್ನೆ ಅಕ್ಕ ಅರ್ಧ ಊಟಕ್ಕೇ ಎದ್ದಳು. "ಇನ್ನೊಂದ್ಸಲ ಹಾಗಂದ್ರೆ ನೀನು ನನ್ ತಂಗೀನೇ ಅಲ್ಲ."

ಶುಕ್ರವಾರ ಹನ್ನೊಂದು ಜಾಗದಲ್ಲೂ ಏನಿಲ್ಲ. ಹನ್ನೆರಡನೆಯದರಲ್ಲಿ ಕೊಕ್ಕೆ ಭಾರವಾಗಿ ಬಂತು. ಹಸಿರು! ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ, ನಾನು ಕೂಗಿಯೇಬಿಟ್ಟೆ: "ಗೆದ್ವಿ ಅಕ್ಕಾ! ದೋಣಿ ಉಳೀತು!"

ಅವಳು ಅದನ್ನು ಕೊಕ್ಕೆಯಿಂದ ಬಿಡಿಸಿ ತಿರುಗಿಸಿ ನೋಡಿದಳು. ಕಳೆಯ ಬುಡಕ್ಕೆ ಕಲ್ಲೊಂದನ್ನು ಕಟ್ಟಲಾಗಿತ್ತು, ಕೆಂಪು ದಾರದಲ್ಲಿ. ತೇಲಿಹೋಗದೆ ಅಕ್ಕನ ಕೊಕ್ಕೆಗೇ ಸಿಗಲಿ ಎಂದು ಕಟ್ಟಿ ಬಿಟ್ಟಿದ್ದಾಳೆ ಪುಣ್ಯಾತಗಿತ್ತಿ! ಅದಕ್ಕಿಂತ ಭಯವಾಗಿದ್ದು ಬೇರೆ: ಕೊಕ್ಕೆಯ ಎಳೆತಕ್ಕೆ ಕಾಂಡ ಆಗಷ್ಟೇ ಅರ್ಧಕ್ಕೆ ಮುರಿದಿತ್ತು. ಉಳಿದರ್ಧ ನೀರಲ್ಲೇ ಇತ್ತು.

ಸಂಜೆಯವರೆಗೂ ಕೊಕ್ಕೆ ಎಸೆದೆವು. ಅವಳ ಅಂಗೈ ಸುಲಿದು ರಕ್ತ ಬಂತು. ಸಿಗಲಿಲ್ಲ.

"ದಾರ ಬಿಚ್ಚಿ ಎಸ್ದುಬಿಡು ಅಕ್ಕಾ, ತುಂಡು ಮಾತ್ರ ತೋರ್ಸೋಣ. ಎಲ್ರೂ ಉಳ್ಕೋತೀವಿ" ಎಂದು ಅಂಗಲಾಚಿದೆ. ಅವಳು ದಂಡೆಯ ಕಡೆ ಕೈತೋರಿಸಿದಳು.

ದಾರದ ಸಮೇತ ಅದನ್ನು ಇಂಜಿನಿಯರ್ ಮೇಜಿನ ಮೇಲಿಟ್ಟಳು. "ನನ್ ತಂಗಿ ಹಾಕಿದ್ದು ಸಾರ್. ಮುರಿದ ಇನ್ನರ್ಧ ಪಂಪಿನ ಹತ್ರಾನೇ ಬಿದ್ದಿದೆ. ನನ್ನ ತೆಗೀರಿ, ಬೇಜಾರಿಲ್ಲ. ಆದ್ರೆ ಅಲ್ಲಿ ದಿನಾ ಯಾರಾದ್ರೂ ನೋಡ್ಲೇಬೇಕು."

ತಂಗಿಯ ಕೆಲಸ ಹೋಯಿತು, ನಮ್ಮ ದೋಣಿ ಉಳಿಯಿತು. ಅಕ್ಕ ತಂಗಿಯ ನಡುವೆ ಈಗ ಮಾತಿಲ್ಲ.

ನಲವತ್ತು ದಿನವಾಯಿತು. ಕೊಕ್ಕೆ ಬರಿದಾಗಿಯೇ ಬರುತ್ತಿದೆ. ಹನ್ನೊಂದು ಜಾಗಕ್ಕೆ ಅವಳು ಎಂದಿನಂತೆ ಸೊನ್ನೆ ಹಾಕುತ್ತಾಳೆ. ಹನ್ನೆರಡನೆಯದರ ಎದುರು ಮಾತ್ರ, "ಇನ್ನೂ ಸಿಕ್ಕಿಲ್ಲ" ಎಂದು ಬರೆಯುತ್ತಾಳೆ.