ಕನಸು ಬೀಳದ ನಮ್ಮವ್ವನ ಸಾಕ್ಷಿ

ಕಳೆದ ವಾರ ಶಾಲೆಯ ಕಂಬಳಿಗಳನ್ನು ಬಿಸಿಲಿಗೆ ಹಾಕೋಣವೆಂದು ಪೆಟ್ಟಿಗೆ ತೆಗೆದೆ. ನುಸಿಗುಳಿಗೆಯ ವಾಸನೆ ಗಪ್ಪನೆ ಮೂಗಿಗೆ ಹೊಡೆಯಿತು. ಅದರ ಹಿಂದೆಯೇ ನಮ್ಮ ಕಮಲಾಪುರದ ಕ್ರೈಸ್ತ ಸಭೆಗೆ ಬೋಧಿಸುತ್ತಿದ್ದ ಉಪದೇಶಿಗಳು ನೆನಪಾದರು... ಯಾರೋ ಮಿಷನ್ ದೊರೆ ಕೊಟ್ಟುಹೋದ, ಇದೇ ವಾಸನೆಯ ಕರಿ ಉಣ್ಣೆಯ ಕೋಟು, ವೈಶಾಖದ ಬಿಸಿಲಿನಲ್ಲೂ ಕೊರಳತನಕ ಗುಂಡಿ. ಬೆವರು ಇಳಿಯುತ್ತಿದ್ದರೂ ಬಿಚ್ಚುತ್ತಿರಲಿಲ್ಲ. ಬಿಚ್ಚಿದರೆ ಒಳಗಿರುವವನು ನಮ್ಮಂಥ ಮನುಷ್ಯನೇ ಎಂದು ಜನಕ್ಕೆ ಗೊತ್ತಾಗಿಬಿಡುತ್ತಿತ್ತು.

"ನೀವು ಪಾದ್ರಿ ಅಲ್ಲ, ಹೆಣ್ಣುಮಕ್ಕಳ ಸಾಲಿ ಕಲಿಸೋರು. ದೇವರ ವಿಷಯ ನೀವ್ಯಾಕ ಬರೀತೀರಿ?" ಎಂದು ಸಭೆಯವರು ನನ್ನನ್ನು ಕೇಳುತ್ತಾರೆ. ಅದಕ್ಕೆ ಉತ್ತರ ಈ ಮನುಷ್ಯ. ನಾನು ಭಕ್ತಿ ಉಕ್ಕಿ ಬರೆಯಲು ಕೂತವಳಲ್ಲ, ಮೈ ಉರಿದು ಕೂತವಳು.

ಕಮಲಾಪುರಕ್ಕೆ ಪ್ಲೇಗು ಬಂದ ವರ್ಷ ಊರೆಲ್ಲ ಮನೆ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿತ್ತು. ಅಪ್ಪ ಅಲ್ಲೇ ಸತ್ತ. ಹೆಣದ ಹತ್ತಿರ ಒಬ್ಬರೂ ಸುಳಿಯಲಿಲ್ಲ, ನಮ್ಮ ಸ್ವಂತ ಕಾಕಾ ಕೂಡ ದೂರದಿಂದಲೇ ಅತ್ತು ಹೋದ. ಔಷಧ ಹಂಚಲು ಬಂದಿದ್ದ ಕಂಪೌಂಡರನ ಹೆಂಡತಿ, ಕ್ರಿಸ್ತರ ಹೆಂಗಸು, ಸೆರಗು ಸಿಕ್ಕಿಸಿಕೊಂಡು ಕೂತು ಅವ್ವನ ಜೊತೆ ಅಪ್ಪನ ಮೈ ತೊಳೆದಳು. ದೇವರ ಸುದ್ದಿ ಎತ್ತಲಿಲ್ಲ. ತೊಳೆದು, ಕೈ ಒರೆಸಿಕೊಂಡು, ಮುಂದಿನ ಗುಡಿಸಲಿಗೆ ಹೋದಳು.

ಆಮೇಲೆ ನನ್ನನ್ನು ಕಲಬುರಗಿಯ ಮಿಷನ್ ಶಾಲೆಗೆ ಹಾಕಿದರು. ಅವ್ವ ಊರಲ್ಲೇ ಬಾಳೆತೋಟದ ಕೂಲಿಗೆ ನಿಂತಳು. ನಾಲ್ಕು ವರ್ಷ ತನ್ನಷ್ಟಕ್ಕೆ ಯೋಚಿಸಿ, ಒಂದು ದಿನ ಉಪದೇಶಿಗಳ ಮುಂದೆ ಹೋಗಿ ದೀಕ್ಷಾಸ್ನಾನ ಬೇಕೆಂದಳು. ರಜೆಗೆ ಬಂದಿದ್ದ ನಾನು ಪಕ್ಕದಲ್ಲೇ ಇದ್ದೆ.

ದೀಕ್ಷಾಸ್ನಾನಕ್ಕೆ ಮೊದಲು ಸಭೆಯ ಎದುರು ನಿಂತು, ತಾನು ಯಾಕೆ ಬಂದೆನೆಂದು ಸಾಕ್ಷಿ ಹೇಳುವ ಪದ್ಧತಿ ಇತ್ತು. ಉಪದೇಶಿಗಳು ಅದನ್ನು ದೊರೆಗಳಿಗೆ ಇಂಗ್ಲಿಷಿನಲ್ಲಿ ತಿಳಿಸುವರು, ಬರೆದೂ ಕಳಿಸುವರು. ದೊರೆಗಳ ದೇಶದಲ್ಲಿ ಅದು ಅಚ್ಚಾಗುವುದು. ಉಪದೇಶಿಗಳ ದೊಡ್ಡಸ್ತಿಕೆಯೆಲ್ಲ ನಿಂತಿದ್ದು ಅದರ ಮೇಲೆ.

"ಕನಸ್ನಾಗ ಯಾರರೆ ಬಂದಿದ್ರೇನು? ಬಿಳಿ ಬಟ್ಟಿಯವರು?" ಎಂದು ಅವ್ವನನ್ನು ಕೇಳಿದರು.

"ಇಲ್ರೀ. ನನಗ ಕನಸೇ ಬೀಳಂಗಿಲ್ಲ."

"ಗಂಡ ಕುಡೀತಿದ್ನ? ಹೊಡೀತಿದ್ನ?"

"ಅಯ್ಯ, ಮಜ್ಜಿಗಿ ಬಿಟ್ಟು ಏನೂ ಕುಡದಾಂವಲ್ರೀ."

"ಹಂಗಾದ್ರ ನಾ ಏನಂತ ಬರೀಲವಾ?" ಎಂದು ಉಪದೇಶಿಗಳು ಬೇಸರಪಟ್ಟುಕೊಂಡರು. ಅಪ್ಪ ಒಳ್ಳೆಯವನಾಗಿದ್ದು ಅವರಿಗೆ ತೊಂದರೆಯಾಗಿತ್ತು!

ಕಲಬುರಗಿಯ ಮಿಷನ್ ದೇವಾಲಯದಲ್ಲಿ ದೀಕ್ಷಾಸ್ನಾನದ ಭಾನುವಾರ ಅವ್ವ ಹೇಳಿದ್ದು ಎರಡೇ ಮಾತು. "ನನ್ನ ಗಂಡನ್ನ ಯಾರೂ ಮುಟ್ಟಲಿಲ್ರೀ. ಆಕಿ ಮುಟ್ಟಿದ್ಳು, ಅದಕ್ಕ ಬಂದೀನಿ." ಇದಕ್ಕಿಂತ ದೊಡ್ಡ ಸಾಕ್ಷಿಯನ್ನು ನಾನು ಈವರೆಗೂ ಕೇಳಿಲ್ಲ.

ಉಪದೇಶಿಗಳು ಕೋಟು ಜಗ್ಗಿಕೊಂಡು ಎದ್ದು, ದೊರೆ-ದೊರೆಸಾನಿಯರಿಗೆ ಆ ಎರಡು ಮಾತನ್ನು ಕಾಲು ಗಂಟೆ ತಿಳಿಸಿದರು. ನನ್ನ ಅರೆಬರೆ ಇಂಗ್ಲಿಷಿಗೂ ಅರ್ಥವಾಯಿತು. ಗಂಡ ಕುಡುಕ, ಉರಿಯುವ ಕೊಳ್ಳಿಯಿಂದ ಸುಡುತ್ತಿದ್ದ, ಇವಳು ಬಾವಿಗೆ ಬೀಳಲು ಹೋದಾಗ ಬಿಳಿ ಬಟ್ಟೆಯವರು ಕೈ ಹಿಡಿದರು... ದೊರೆಸಾನಿ ಕಣ್ಣೊರೆಸಿಕೊಂಡಳು. ಕಂಪೌಂಡರನ ಹೆಂಡತಿಯ ಸುಳಿವೇ ಇಲ್ಲ. ಹೆಣ ತೊಳೆದ ಹೆಂಗಸಿನಿಂದ ಉಪದೇಶಿಗಳಿಗೆ ಏನು ಹೆಸರು ಬರಬೇಕು?

ಹೊರಗೆ ಬಂದಾಗ ಅವ್ವನ ಮುಖ ಅರಳಿತ್ತು. "ನನ್ನ ಮಾತಿಗಿ ಅಷ್ಟೊತ್ತು ಏನ್ ಹೇಳಿದ್ರ?" ಎಂದಳು. ಶಾಲೆಯಲ್ಲಿ ನನ್ನ ಜಾಗ ಉಳಿಯಬೇಕಾದರೆ ಉಪದೇಶಿಗಳ ಚೀಟಿ ಬೇಕಿತ್ತು. "ನೀ ಹೇಳಿದ್ದನ್ನೇ ಹೇಳಿದ್ರವ್ವಾ" ಎಂದೆ. ಅವರ ಮೇಲೆ ನನಗಿರುವ ತಿರಸ್ಕಾರದಲ್ಲಿ ನನ್ನ ಪಾಲೂ ಇದೆ, ಅದನ್ನು ಮುಚ್ಚಿಡುವುದಿಲ್ಲ.

ಎರಡು ವರ್ಷ ಕಳೆದ ಮೇಲೆ ಆ ಕಥೆ ದೊರೆಗಳ ದೇಶದಲ್ಲಿ ಅಚ್ಚಾಗಿ, ಹೆಸರಿಲ್ಲದೆ, ಕಮಲಾಪುರಕ್ಕೇ ವಾಪಸು ಬಂತು. ಪ್ರಾರ್ಥನೆಯ ಕೋಣೆಯಲ್ಲಿ ಉಪದೇಶಿಗಳೇ ಅದನ್ನು ಕನ್ನಡದಲ್ಲಿ ಓದಿ ಹೇಳಿದರು. ಅವ್ವ ಎದುರಿಗೇ ಚಾಪೆಯ ಮೇಲೆ ಕೂತಿದ್ದಳು. ಯಾರ ಕಥೆಯೆಂದು ಆ ಪುಣ್ಯಾತ್ಮರಿಗೆ ಮರೆತೇಹೋಗಿತ್ತೋ, ಅಥವಾ ನೆನಪಿದ್ದೂ ನಾಚಿಕೆಯಿರಲಿಲ್ಲವೋ... ಎರಡರಲ್ಲಿ ಯಾವುದು ಹೆಚ್ಚು ಹೊಲಸು ಎಂದು ಇಂದಿಗೂ ನನಗೆ ತೀರ್ಮಾನವಾಗಿಲ್ಲ.

ಅವ್ವ ಬಿಕ್ಕಿ ಬಿಕ್ಕಿ ಅತ್ತಳು. ಮನೆಗೆ ಬರುವಾಗ ನನ್ನ ಕೈ ಹಿಡಿದು, "ಪಾಪ, ಯಾವಾಕಿನೋ ಏನೋ. ಎಂಥಾ ಗಂಡ ಸಿಕ್ಕಿದ್ನಲ್ಲ ಆಕಿಗಿ! ನಾ ಪುಣ್ಯವಂತಿ, ನಿಮ್ಮಪ್ಪ ಒಂದಿನ ದನಿ ಏರಿಸಿದಾಂವಲ್ಲ" ಎಂದಳು. ಹೌದವ್ವಾ ಎಂದು ಹೆಜ್ಜೆ ಹಾಕಿದೆ. ಅಂದಿನಿಂದ ದಿನಾ ರೊಟ್ಟಿ ಮುರಿಯುವ ಮೊದಲು ಆ ಹೆಂಗಸಿಗಾಗಿ ಪ್ರಾರ್ಥಿಸತೊಡಗಿದಳು.

ಉಪದೇಶಿಗಳು ಹೋಗಿ ಬಹಳ ವರ್ಷವಾಯಿತು. ಸಮಾಧಿಯ ಕಲ್ಲಿನ ಮೇಲೆ 'ಸತ್ಯದ ಸೇವಕ' ಎಂದು ಕೆತ್ತಿಸಿದ್ದಾರೆ. ಕಂಪೌಂಡರನ ಹೆಂಡತಿಗೆ ಎಲ್ಲೂ ಕಲ್ಲಿಲ್ಲ. ಆಕೆಯನ್ನು ಹುಡುಕಿ ವಿಚಾರಿಸಬೇಕೆಂದು ನನಗೆ ಹೊಳೆಯುವ ಹೊತ್ತಿಗೆ ಆಕೆ ಯಾವ ಊರಿಗೆ ಹೋದಳೋ ಹೇಳುವವರು ಉಳಿದಿರಲಿಲ್ಲ. ಅದಕ್ಕೇ ಈಗ ಯಾರ ಸಾಕ್ಷಿ ಬರೆದರೂ ಅವರು ಆಡಿದಷ್ಟೇ ಬರೆದು, ಅವರಿಗೇ ಓದಿ ಹೇಳುತ್ತೇನೆ.

ಅವ್ವನಿಗೆ ಮಾತ್ರ ಓದಿ ಹೇಳಲಾಗಲಿಲ್ಲ. ಹೋದ ವರ್ಷ ಹಾಸಿಗೆ ಹಿಡಿದವಳು ಕೊನೆಕೊನೆಗೆ ನನ್ನನ್ನು ಹತ್ತಿರ ಕರೆದು, "ನಾ ಹೋದ ಮ್ಯಾಲ ಆ ಹೆಣ್ಮಗಳ ಸಲುವಾಗಿ ನೀ ಪ್ರಾರ್ಥನಿ ಮಾಡವಾ, ಆಕಿಗಿ ಯಾರೂ ಇಲ್ಲ" ಎಂದಳು. ಅಂಥವಳೇ ಇಲ್ಲವೆಂದು ಹೇಳಲು ಆಗಲೂ ನನಗೆ ಬಾಯಿ ಬರಲಿಲ್ಲ. ಹೂಂ ಎಂದೆ. ಇವತ್ತು ಹೇಳಬಲ್ಲೆ, ಕೇಳಲು ಅವ್ವ ಇಲ್ಲ.