ಅತ್ತೆಯ ಬಾಯಿಗೆ ಬಾರದ ಪ್ರಾರ್ಥನೆ

ನನ್ನ ಗಂಡನನ್ನು ಮಣ್ಣಿಗಿಟ್ಟು ಬಂದ ದಿನ ಸಂಜೆ ಅತ್ತೆ ಪ್ರಾರ್ಥನೆ ಮಾಡಲಿಲ್ಲ. ನಾನು ಆ ಮನೆಗೆ ಸೊಸೆಯಾಗಿ ಬಂದಮೇಲೆ ಹಾಗಾದದ್ದು ಅದೇ ಮೊದಲು. ಜ್ವರ ಬಂದಾಗಲೂ, ಹತ್ತಿ ಬಿಡಿಸಿ ಬಿಡಿಸಿ ಸೊಂಟ ಹಿಡಿದುಕೊಂಡು ಗೋಡೆಗೆ ಕೈ ಕೊಟ್ಟು ಒಳಗೆ ಬಂದ ದಿನಗಳಲ್ಲೂ, ಲೈಟು ಹಾಕುವ ಹೊತ್ತಿಗೆ ಆಕೆ ಕೈಕಾಲು ತೊಳೆದು, ಸೆರಗು ತಲೆಯ ಮೇಲೆ ಎಳೆದುಕೊಂಡು, ಒಳಕೋಣೆಯ ಗೋಡೆಗೆ ಮುಖ ಮಾಡಿ ಮಂಡಿಯೂರುತ್ತಿದ್ದಳು. ಆ ದಿನ ಮಾತ್ರ ಹೊರಗಿನ ಕಟ್ಟೆಯ ಮೇಲೆ ಕೂತವಳು ಏಳಲೇ ಇಲ್ಲ. ಚರ್ಚಿನ ಹೆಂಗಸರು ಹಾಡಿದರು, ಪಾಸ್ಟರು ಪ್ರಾರ್ಥನೆ ಮಾಡಿದರು, ಎಲ್ಲರೂ ಆಮೆನ್ ಅಂದರು. ಅತ್ತೆಯ ತುಟಿ ಅಲುಗಲಿಲ್ಲ.

ನಾನು ಹುಟ್ಟಿದ್ದು ಆಂಧ್ರದ ಆದೋನಿಯ ಒಂದು ವೀರಶೈವರ ಮನೆಯಲ್ಲಿ. ಅಪ್ಪನದು ಹತ್ತಿ ವ್ಯಾಪಾರ. ಬೆಳಿಗ್ಗೆ ಸ್ನಾನ ಮಾಡಿ ಅಂಗೈಯಲ್ಲಿ ಲಿಂಗ ಹಿಡಿದು ಅಪ್ಪ ಕೂತರೆ ಮನೆಯಲ್ಲಿ ಪಾತ್ರೆಯ ಸದ್ದೂ ಆಗುವಂತಿರಲಿಲ್ಲ. ದೇವರ ಮುಂದೆ ಸುಮ್ಮನಿರಬೇಕು ಎಂಬುದನ್ನು ನಾನು ಅಲ್ಲಿ ಕಲಿತೆ. ಆಮೇಲೆ ಜೊತೆಗೆ ಓದಿದ ಒಬ್ಬ ಹುಡುಗನನ್ನು ಮದುವೆಯಾದೆ. ಅವನು ಕ್ರೈಸ್ತರವನು, ನಂದವರಂ ಕಡೆಯ ಒಂದು ಹಳ್ಳಿಯಲ್ಲಿ ಮೇಷ್ಟ್ರು. ಅಪ್ಪ ಮಾತು ಬಿಟ್ಟರು. ಅಪ್ಪ ಮಾರ್ಕೆಟ್ಟಿಗೆ ಹೋದಾಗ ಮಾತ್ರ ಅವ್ವ ಮಧ್ಯಾಹ್ನ ಫೋನ್ ಮಾಡುತ್ತಿದ್ದಳು.

ಗಂಡನ ಮನೆ ಆದೋನಿಯಲ್ಲೇ, ರೈಲ್ವೆ ಹಳಿಯ ಆಚೆಗೆ, ಬಂಡೆ ಹಾಸಿದ ಎರಡು ಕೋಣೆ. ಅವನಿಗೆ ತಂದೆ ಇರಲಿಲ್ಲ. ಅತ್ತೆ ಹಾಲಹರವಿ ಕಡೆಯವಳು, ಹೊಲದ ಕೂಲಿ, ಹತ್ತಿಯ ಜಿನ್ನಿಂಗ್ ಮಿಲ್ಲಿನ ಕೂಲಿ ಮಾಡಿ ಒಬ್ಬನೇ ಮಗನನ್ನು ಓದಿಸಿದವಳು. ಮನೆಯಲ್ಲಿ ನಮ್ಮ ಮಾತೆಲ್ಲ ಕನ್ನಡ. ಆದರೆ ಆಕೆಯ ಚರ್ಚು ತೆಲುಗು, ಬೈಬಲ್ಲು ತೆಲುಗು, ಹಾಡು ತೆಲುಗು. ಹೀಗಾಗಿ ಪ್ರಾರ್ಥನೆಯೂ ತೆಲುಗಿನಲ್ಲೇ. ಬೆಳಿಗ್ಗೆ ನನ್ನ ಜೊತೆ ಕನ್ನಡದಲ್ಲಿ ಜಗಳ ಆಡಿದ್ದನ್ನು ಸಂಜೆ ದೇವರಿಗೆ ತೆಲುಗಿನಲ್ಲಿ ಹೇಳುತ್ತಿದ್ದಳು. ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಾ ನಾನು ಕೇಳಿಸಿಕೊಳ್ಳುತ್ತಿದ್ದೆ. ಕೋಡಲು ಇವತ್ತು ಸರಿಯಾಗಿ ಉಣ್ಣಲಿಲ್ಲ, ಕೋಡಲು ಕೈ ಸುಟ್ಟುಕೊಂಡಳು, ಮಗ ಗಾಡಿ ಜೋರು ಓಡಿಸುತ್ತಾನೆ, ನೀನೇ ನೋಡಿಕೋ. ಸೊಸೆಗೆ ತೆಲುಗಿನಲ್ಲಿ ಕೋಡಲು ಅನ್ನುತ್ತಾರೆ. ದಿನವೂ ನನ್ನ ಸುದ್ದಿ ಒಂದಿಷ್ಟು ಆ ಗೋಡೆಗೆ ಹೋಗುತ್ತಿತ್ತು. ನನ್ನ ಬಸುರು ನಿಲ್ಲದೇ ಹೋದ ದಿನ ಆಕೆ ಹೆಚ್ಚು ಏನೂ ಹೇಳಲಿಲ್ಲ. 'ಪ್ರಭುವಾ, ನಮ್ಮ ಹುಡುಗಿ' ಅಂದು ಅಲ್ಲಿಗೇ ನಿಲ್ಲಿಸಿದಳು. ನಾನು ಒಲೆಯ ಮುಂದೆ ನಿಂತು ಕಣ್ಣೀರಿಟ್ಟೆ.

ನನ್ನನ್ನು ಮಾತ್ರ ಆಕೆ ಒಂದು ದಿನವೂ ಮಂಡಿಯೂರು ಅನ್ನಲಿಲ್ಲ. ಬಂದ ಹೊಸದರಲ್ಲಿ ನಾನೇ ಕೇಳಿದ್ದೆ, ನಾನೂ ಬಂದು ಕೂಡಬೇಕೇನ್ರಿ ಅತ್ತಿ ಅಂತ.

"ಅದು ನಿನ್ನ ಮನಸ್ಸವ್ವಾ. ನಿನ್ನ ಹೆಸ್ರು ನಾ ಹೇಳ್ತೀನಿ, ಸಾಕು" ಅಂದಿದ್ದಳು.

ಗಂಡ ಹೋದದ್ದು ಒಂದು ಕೆಲಸದ ದಿನ, ಊಟದ ಬೆಲ್ಲಿಗೆ ಮುಂಚೆ. ಪಾಠ ಮಾಡುತ್ತಿದ್ದವನು ಎದೆ ಹಿಡಿದುಕೊಂಡು ಕುರ್ಚಿಯ ಮೇಲೆ ಕೂತನಂತೆ. ಜೊತೆಯ ಮೇಷ್ಟ್ರು ಆಟೋದಲ್ಲಿ ಹಾಕಿಕೊಂಡು ಎಮ್ಮಿಗನೂರಿಗೆ ಹೊರಟರು. ಆಸ್ಪತ್ರೆ ಮುಟ್ಟಲಿಲ್ಲ. ಅಷ್ಟನ್ನೇ ನಮಗೆ ಹೇಳಿದ್ದರು. ಅದಕ್ಕಿಂತ ಹೆಚ್ಚು ಕೇಳುವ ಶಕ್ತಿ ನಮ್ಮಿಬ್ಬರಿಗೂ ಇರಲಿಲ್ಲ.

ಆದರಣ ಕೂಡಿಕೆ ಎಂದು ಮಾಡುತ್ತಾರೆ, ಸತ್ತವರ ಮನೆಯವರಿಗೆ ಧೈರ್ಯ ಹೇಳುವ ಸಭೆ. ಬೀದಿಯಲ್ಲಿ ಶಾಮಿಯಾನ ಹಾಕಿ ಅದೂ ಆಯಿತು. ಅತ್ತೆ ಬಂದವರಿಗೆಲ್ಲ ವಂದನಾಲು ಹೇಳಿದಳು, ಊಟಕ್ಕೆ ಕೂಡಿಸಿದಳು. ಭಾನುವಾರ ಚರ್ಚಿಗೂ ಹೋಗಿ ಬರುತ್ತಿದ್ದಳು. ಹೊರಗಿನವರಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಮನೆಯಲ್ಲಿ ಮಾತ್ರ ಸಂಜೆಯಾದರೆ ಒಳಕೋಣೆಯ ಬಾಗಿಲ ತನಕ ಹೋಗಿ, ಸೆರಗಿನ ತುದಿ ಹಿಡಿದುಕೊಂಡು ನಿಂತು, ತಿರುಗಿ ಬಂದು ಅಕ್ಕಿ ಆರಿಸಲು ಕೂಡುತ್ತಿದ್ದಳು. ನಾನು ಕೇಳಲಿಲ್ಲ. ಆ ಹೊತ್ತಿಗೆ ಮನೆ ಎಷ್ಟು ಖಾಲಿ ಅನ್ನಿಸುತ್ತಿತ್ತೆಂದರೆ, ಗಂಡನ ಗಾಡಿಯ ಸದ್ದು ಬಾರದ್ದಕ್ಕಿಂತ ಆಕೆಯ ಪ್ರಾರ್ಥನೆಯ ದನಿ ಇಲ್ಲದ್ದೇ ನನಗೆ ಹೆಚ್ಚು ಕಿವಿಗೆ ಬಡಿಯುತ್ತಿತ್ತು.

ಆ ದಿನಗಳಲ್ಲೇ ಅವ್ವ ಮೊದಲ ಸಲ ನಮ್ಮ ಮನೆಗೆ ಬಂದಳು. ಅಪ್ಪ ಒಪ್ಪಿದ್ದಾರೆ, ಬಂದುಬಿಡು ಅಂದಳು. ಅಲ್ಲೇ ಇದ್ದ ಅತ್ತೆ ಎದ್ದು ಹೋಗಿ ಅವ್ವನಿಗೆ ಟೀ ತಂದಳು. ಆಲೋಚನೆ ಮಾಡಿ ಹೇಳುತ್ತೇನೆ ಅಂದೆ. ಆಲೋಚನೆ ಮಾಡಲೇ ಇಲ್ಲ. ಅತ್ತೆಯನ್ನು ಆ ಒಳಕೋಣೆಯ ಬಾಗಿಲ ಹತ್ತಿರ ಹಾಗೆ ನಿಲ್ಲಿಸಿ ಹೇಗೆ ಹೋಗುವುದು?

ಹತ್ತಿಯ ಹಂಗಾಮು ಶುರುವಾಗಿತ್ತು. ಮಿಲ್ಲುಗಳ ಕಡೆಯಿಂದ ಗಾಳಿಗೆ ಹಾರಿಬಂದ ಅರಳೆಯ ಎಳೆ ಕಿಟಕಿಯ ಜಾಲರಿಗೆ ಹತ್ತಿಕೊಂಡಿತ್ತು. ಒಂದು ಸಂಜೆ ನಾನು ಅದನ್ನು ಬಿಡಿಸುತ್ತಾ ನಿಂತಿದ್ದಾಗ ಅತ್ತೆ ಒಳಗಿನಿಂದ ಕರೆದಳು.

"ನಂಗ ಬಾಯಿಗೆ ಬರವಲ್ದು. ನೀ ಮಾಡು."

"ನಂಗ ಬರಂಗಿಲ್ರಿ ಅತ್ತಿ."

"ಕಲಿ."

ಹಾಗೆ ಶುರುವಾಯಿತು. ಸೆರಗು ಹೊದೆಯುವುದನ್ನು ತೋರಿಸಿದಳು. ಮಂಡಿಯೂರಿದಾಗ ನನ್ನ ಮೈ ಬಿಗಿಯಾಗಿತ್ತು. ಹೆಗಲ ಮೇಲೆ ಕೈಯಿಟ್ಟು, ಹೊಡಿಸಿಕೊಳ್ಳಾಕ ಕುಂತಾಕಿ ಹಂಗ ಕೂಡಬ್ಯಾಡ ಅಂದಳು. ಮೊದಲು ಏಸು ಕಲಿಸಿಕೊಟ್ಟದ್ದೆಂದು ಎಲ್ಲರೂ ಬಾಯಿಪಾಠ ಹೇಳುವ ಪರಲೋಕ ಪ್ರಾರ್ಥನೆ ಕಲಿಸಿದಳು. ಸ್ಕೂಲಿನಲ್ಲಿ ಓದಿದ ತೆಲುಗು ನನಗೆ ಇತ್ತು, ಆದರೆ ಇದು ಹಳೆಯ ತೆಲುಗು, ನಾಲಿಗೆ ತೊಡರುತ್ತಿತ್ತು. ತಪ್ಪಿದಲ್ಲಿ ತಡೆದು ಮತ್ತೆ ಹೇಳಿಸುತ್ತಿದ್ದಳು. ಒಂದೊಂದೇ ಪದ ಕೊಡುತ್ತಿದ್ದಳೇ ಹೊರತು ತಾನು ಜೊತೆಗೆ ಹೇಳುತ್ತಿರಲಿಲ್ಲ. ಕೊನೆಯ ಆಮೆನ್ ಕೂಡ ನಾನೊಬ್ಬಳೇ ಹೇಳುತ್ತಿದ್ದೆ.

ಅದು ಬಾಯಿಗೆ ಬಂದಮೇಲೆ, ಇನ್ನು ನಿಂದು ಹೇಳು ಅಂದಳು. ಏನು ಹೇಳಲಿ ಅಂದರೆ, ಇವತ್ತು ಏನಾತೋ ಅದನ್ನ ಹೇಳು ಅಂದಳು. ದೇವರಿಗೆ ಅದೆಲ್ಲ ಗೊತ್ತಿರುವುದಿಲ್ಲವೇ ಎಂದು ನಾನು ಕೇಳಿದೆ.

"ಗೊತ್ತಿರತೈತಿ. ಮಗ ಹಸಗೊಂಡು ಬಂದಾನಂತ ತಾಯಿಗೆ ಮುಖ ನೋಡಿದ್ರ ಗೊತ್ತಾಕೈತಿ. ಆದ್ರೂ ಉಂಡೀಯೇನಪ್ಪಾ ಅಂತ ಕೇಳ್ತಾಳಲ್ಲ, ಅವನ ಬಾಯಿಂದ ಕೇಳಬೇಕಂತ—"

ಅಷ್ಟಕ್ಕೇ ನಿಲ್ಲಿಸಿ ಎದ್ದು ಹೋದಳು. ಅವತ್ತು ನಾನೊಬ್ಬಳೇ ಗೋಡೆಯ ಮುಂದೆ ಕೂತು, ಇವತ್ತು ಗ್ಯಾಸ್ ಬಂತು, ನೀರು ಬರಲಿಲ್ಲ, ಅತ್ತೆಗೆ ಕಾಲು ನೋವು ಎಂದು ಹರಕು ತೆಲುಗಿನಲ್ಲಿ ಹೇಳಿ ಮುಗಿಸಿದೆ. ನಾಚಿಕೆ ಆಗುತ್ತಿತ್ತು. ಯಾರೂ ಇಲ್ಲದ ಕೋಣೆಯಲ್ಲಿ ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸುತ್ತಿತ್ತು. ಆದರೂ ಮರುದಿನ ಕೂತೆ. ಅದರ ಮರುದಿನವೂ. ಏನನ್ನೂ ಕೇಳುತ್ತಿರಲಿಲ್ಲ. ಕೇಳುವಂಥದ್ದು ಏನೂ ಉಳಿದಿರಲಿಲ್ಲ. ಸುದ್ದಿ ಹೇಳುತ್ತಿದ್ದೆ, ಅಷ್ಟೇ. ಅತ್ತೆ ಹಿಂದೆ ಗೋಡೆಗೆ ಒರಗಿ ಕೂತು ಕೇಳಿಸಿಕೊಳ್ಳುತ್ತಿದ್ದಳು.

ಒಂದು ದಿನ ಗಂಡನ ಜೊತೆಯ ಮೇಷ್ಟ್ರು ಮನೆಗೆ ಬಂದರು. ಸ್ಕೂಲಿನಲ್ಲಿ ಉಳಿದಿದ್ದ ಅವನ ಬ್ಯಾಗು, ಟಿಫಿನ್ ಡಬ್ಬಿ ತಂದಿದ್ದರು. ಅತ್ತೆ ಪಕ್ಕದ ಬೀದಿಗೆ ಹೋಗಿದ್ದಳು. ಅವರು ಹೋಗಲು ಎದ್ದವರು ಮತ್ತೆ ಕೂತರು. ತಡೆದು ತಡೆದು ಹೇಳಿದರು. ಆಟೋದಲ್ಲಿ ಅವನು ನೀರು ಕೇಳಿದನಂತೆ. ಅವಸರದಲ್ಲಿ ಬಾಟಲಿ ತಂದಿರಲಿಲ್ಲ. ದಾರಿಯಲ್ಲಿ ಒಂದು ಅಂಗಡಿಯ ಹತ್ತಿರ ಆಟೋ ನಿಲ್ಲಿಸಿ ಇವರು ಇಳಿದು ಓಡಿದರು. ನೀರು ಹಿಡಿದು ಬರುವಷ್ಟರಲ್ಲಿ ಆಗಿಹೋಗಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲಮ್ಮ, ಹೊತ್ತುಕೊಂಡು ಇರುವುದಕ್ಕೆ ಆಗುತ್ತಿಲ್ಲ ಎಂದು ಅತ್ತರು. ನಿಮ್ಮ ತಪ್ಪಲ್ಲ ಎಂದು ನಾನು ಹೇಳಿದೆ. ಅವರು ಹೋದಮೇಲೆ ಡಬ್ಬಿ ತೊಳೆದಿಟ್ಟೆ. ಅತ್ತೆಗೆ ಹೇಳಬಾರದು ಅಂದುಕೊಂಡೆ.

ಸಂಜೆ ಮಂಡಿಯೂರಿದೆ. ತೆಲುಗು ಬರಲಿಲ್ಲ. ಪ್ರಭುವಾ ಅನ್ನಲೂ ಆಗಲಿಲ್ಲ. ಹಿಂದೆ ಅತ್ತೆ ಕೂತಿದ್ದಾಳೆ ಎಂಬುದೂ ಮರೆತುಹೋಯಿತು. ನನ್ನ ಬಾಯಿಂದ ಬಂದದ್ದು ನಮ್ಮ ಮನೆಯ ಕನ್ನಡ.

"ನೀರು ಕೇಳಿದ್ನಂತ. ಒಂದು ಗುಟುಕು ನೀರು. ಅದನ್ನೂ ಕೊಡಲಿಲ್ಲಲ್ಲ ನೀನು. ಈಕಿ ಇಷ್ಟು ವರ್ಷ ದಿನಾ ನಿನ್ನ ಮುಂದ ಮಂಡಿ ಊರಿದ್ಲು. ಏನು ಬೇಡಿದ್ಲು ನಿನ್ನ? ಅವನೊಬ್ಬನ್ನ ನೋಡಿಕೋ ಅಂದ್ಲು. ಏನು ನೋಡಿಕೊಂಡಿ ನೀನು?"

ಈ ಮನೆಯಲ್ಲಿ, ಈ ಗೋಡೆಯ ಮುಂದೆ ಇಂಥ ಮಾತು ಆಡಿಬಿಟ್ಟೆನಲ್ಲ, ಇನ್ನು ಆಕೆಯ ಮುಖ ಹೇಗೆ ನೋಡಲಿ ಅಂದುಕೊಂಡೆ. ಆಮೇಲೆ ಹಿಂದಿನಿಂದ ಅತ್ತೆ ನಿಧಾನವಾಗಿ ಅಂದಳು, "ಆಮೆನ್."

ತಿರುಗಿ ನೋಡಿದೆ. ಮಗನನ್ನು ಮಣ್ಣಿಗಿಟ್ಟ ದಿನದಿಂದ ಅಳದೇ ಇದ್ದವಳು ಬಾಯಿಗೆ ಸೆರಗು ಒತ್ತಿಕೊಂಡು ಅಳುತ್ತಿದ್ದಳು. ಹತ್ತಿರ ಹೋದೆ. ನೀರಿನ ಸಂಗತಿ ಪೂರ್ತಿ ಕೇಳಿದಳು. ಎಲ್ಲ ಹೇಳಿದೆ. ಆಮೇಲೆ ಆಕೆ ಹೇಳಿದ್ದು ಇಷ್ಟು:

"ನಾ ದೇವರನ್ನ ಹಿಂಗ ಕೇಳಾಕ ಹೆದರಿದ್ದೆವ್ವಾ. ಇದನ್ನ ಬಿಟ್ಟು ಬ್ಯಾರೆ ಏನರ ಹೇಳಾಕ ಹೋದ್ರ ಬಾಯೇ ಬರಲಿಲ್ಲ."

ಅಲ್ಲಿಂದಾಚೆಗೂ ಅತ್ತೆ ತಾನಾಗಿ ಪ್ರಾರ್ಥನೆ ಮಾಡಿದ್ದನ್ನು ನಾನು ಕೇಳಲಿಲ್ಲ. ನನ್ನದಕ್ಕೆ ಆಮೆನ್ ಅನ್ನುತ್ತಿದ್ದಳು. ಕೆಲವು ದಿನ ಅದನ್ನೂ ಅನ್ನುತ್ತಿರಲಿಲ್ಲ. ನಾನು ಮತ್ತೆ ತೆಲುಗಿಗೆ ಹೋಗಲಿಲ್ಲ, ಆಕೆಯೂ ಹೋಗು ಅನ್ನಲಿಲ್ಲ. ಗಂಡನ ನೌಕರಿಯ ಬದಲಿಗೆ ನನಗೆ ಹಾಲಹರವಿಯ ಒಂದು ಆಫೀಸಿನಲ್ಲಿ ಕೆಲಸ ಸಿಕ್ಕಿತು. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಅದು ಆಕೆಯ ತವರಿನ ಕಡೆ. ಯಾರು ಸಿಕ್ಕಿದ್ದರು, ಜೋಳ ಹೆಂಗ ಐತಿ, ಕೆರೆಗೆ ನೀರು ಬಂದಾವೇನು ಎಂದು ಕೇಳುವಳು. ಉಳಿದದ್ದನ್ನು ಸಂಜೆಯ ಪ್ರಾರ್ಥನೆಯಲ್ಲಿ ಕೇಳಿಸಿಕೊಳ್ಳುವಳು. ನಾನು ಯಾರಿಗೆ ಹೇಳುತ್ತಿದ್ದೆ, ದೇವರಿಗೋ ಆಕೆಗೋ, ನನಗೂ ತಿಳಿಯುತ್ತಿರಲಿಲ್ಲ.

ಆಮೇಲೆ ಆಕೆಯ ಹೊಟ್ಟೆ ಊದತೊಡಗಿತು. ಕರ್ನೂಲಿನ ಆಸ್ಪತ್ರೆಯಲ್ಲಿ ಇಟ್ಟುಕೊಂಡು ನೋಡಿದರು. ಮನೆಗೆ ಕರೆದುಕೊಂಡು ಹೋಗಿ, ಇಷ್ಟವಾದದ್ದನ್ನು ಉಣ್ಣಿಸಿ ಅಂದರು. ಚರ್ಚಿನವರು ಬಂದು ತಲೆಯ ಮೇಲೆ ಕೈಯಿಟ್ಟು ವಾಸಿಯಾಗಲಿ ಎಂದು ಪ್ರಾರ್ಥಿಸಿದರು. ಅವರು ಹೋದಮೇಲೆ ಅತ್ತೆ ನನ್ನನ್ನು ಹತ್ತಿರ ಕರೆದು, ನೀ ಅದನ್ನ ಕೇಳಬ್ಯಾಡ ಅಂದಳು.

"ಮತ್ತೇನು ಕೇಳಲ್ರಿ?"

"ನೋವು ಸ್ವಲ್ಪ ಕಮ್ಮಿ ಮಾಡು ಅನ್ನು. ಮತ್ತ, ನಾ ಹೋದ್ರ ನೀ ಒಬ್ಬಾಕಿ ಆಗ್ತಿ. ಅದನ್ನೂ ಹೇಳು."

ಮೊದಲನೆಯದನ್ನು ದಿನವೂ ಕೇಳಿದೆ. ನೋವು ಕಮ್ಮಿಯಾಗಲಿಲ್ಲ. ಎರಡನೆಯದು ಮಾತ್ರ ಬಾಯಿಗೆ ಬರುತ್ತಿರಲಿಲ್ಲ. ಆಕೆ ಮಂಚದ ಮೇಲಿಂದ ಕಾಯುತ್ತಿದ್ದಳು. ನಾನು ಮುಂದಿನ ಮಾತಿಗೆ ಹೋಗಿಬಿಡುತ್ತಿದ್ದೆ. ಒಂದು ಬೆಳಿಗ್ಗೆ, ಮೈ ಒರೆಸಲು ನೀರು ಕಾಯಿಸಿಕೊಂಡು ಬಂದಾಗ ಉಸಿರು ನಿಂತಿತ್ತು. ಮುಖದಲ್ಲಿ ನೋವು ಹಾಗೇ ಇತ್ತು. ನೆಮ್ಮದಿಯಿಂದ ಹೋದಳು ಎಂದು ಬಂದವರೆಲ್ಲ ಹೇಳಿದರು. ನಾನು ಹೌದು ಅಂದೆ.

ಸಮಾಧಿ ತೋಟದಲ್ಲಿ ಪೆಟ್ಟಿಗೆ ಇಳಿಸುವ ಮುಂಚೆ, ಮನೆಯವರು ಯಾರಾದರೂ ಪ್ರಾರ್ಥನೆ ಮಾಡುತ್ತೀರಾ ಎಂದು ಪಾಸ್ಟರು ಕೇಳಿದರು. ಮನೆಯವಳು ನಾನೊಬ್ಬಳೇ. ನಾನು ದೀಕ್ಷಾಸ್ನಾನ ಪಡೆದು ಕ್ರೈಸ್ತಳಾಗಿಲ್ಲ ಎಂದು ಅವರಿಗೆ ಗೊತ್ತಿತ್ತು. ಸ್ವಲ್ಪ ತಡೆದು, ಆಗಲಿ ಎಂದು ತಲೆ ಆಡಿಸಿದರು. ಸೆರಗು ಎಳೆದುಕೊಂಡೆ. ಅಷ್ಟು ಜನ ತೆಲುಗಿನವರ ನಡುವೆ ನಮ್ಮ ಮಾತಿನಲ್ಲೇ ಹೇಳಿದೆ. ಈಕಿ ನಿನ್ನೆ ಎರಡು ಚಮಚ ಗಂಜಿ ಕುಡಿದ್ಲು. ಮಗನ ಅಂಗಿ ಯಾರಿಗರ ಕೊಡು ಅಂದ್ಲು, ನಾ ಇನ್ನೂ ಕೊಟ್ಟಿಲ್ಲ. ಈಕಿಗೆ ಬಲಗಡೆ ಹೊರಳಿದ್ರ ಬಾಳ ನೋಯ್ತೈತಿ, ನೋಡಿಕೋ. ಈಗ ನಾ ಒಬ್ಬಾಕಿ ಆಗೀನಿ. ಇಷ್ಟೇ ಹೇಳಿ ನಿಲ್ಲಿಸಿದೆ. ದೂರದಲ್ಲಿ ಗೇಟಿನ ಹೊರಗೆ ಅವ್ವ ನಿಂತಿದ್ದಳು. ಒಳಗೆ ಬರಬಹುದೋ ಇಲ್ಲವೋ ತಿಳಿಯದೆ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡಿದ್ದಳು.

ಈಗ ಆ ಎರಡು ಕೋಣೆಯಲ್ಲಿ ನಾನೇ ಇದ್ದೇನೆ. ದೀಕ್ಷಾಸ್ನಾನದ ಬಗ್ಗೆ ಪಾಸ್ಟರು ಒಂದೆರಡು ಸಲ ಕೇಳಿದರು. ಇನ್ನೂ ಸ್ವಲ್ಪ ದಿನ ಹೋಗಲಿ ಅಂದಿದ್ದೇನೆ. ನಂಬುತ್ತೇನೋ ಇಲ್ಲವೋ ಎಂದು ಯಾರಾದರೂ ಕೇಳಿದರೆ ಹೇಳಲು ಬರುವುದಿಲ್ಲ. ಬಸ್ಸಿಳಿದು ಬಂದು, ಮುಖ ತೊಳೆದು, ಕೂಡುತ್ತೇನೆ.

ಅವ್ವ ರಜೆಯ ದಿನ ಬಂದು ಹೋಗುತ್ತಾಳೆ. ಹೋದ ಸಲ ಸಂಜೆಯ ತನಕ ಇದ್ದಳು. ನಾನು ಒಳಗೆ ಹೋಗಿ ಬರುವವರೆಗೆ ಹೊರಗೆ ಕೂತಿದ್ದವಳು, ಅಲ್ಲಿ ಏನು ಹೇಳ್ತಿ ಎಂದು ಕೇಳಿದಳು. ಇವತ್ತು ಏನಾತೋ ಅದನ್ನ ಹೇಳ್ತೀನಿ ಅಂದೆ. ಅವ್ವ ಎದ್ದು ಚೀಲ ತಗೊಂಡಳು. ಬಾಗಿಲ ಹತ್ತಿರ ನಿಂತು, ನನ್ನ ಮುಖ ನೋಡದೆ, "ನಿಮ್ಮಪ್ಪಗ ಆರಾಮಿಲ್ಲ. ಎದ್ದು ಕೂಡಾಕ ಆಗವಲ್ದು. ಅದನ್ನೂ ಹೇಳು" ಅಂದಳು.

ಆಕೆಯನ್ನು ಆಟೋ ಹತ್ತಿಸಿ ಬಂದು ಮತ್ತೆ ಮಂಡಿಯೂರಿದೆ. ಅಪ್ಪ ಇನ್ನೂ ಹಾಸಿಗೆಯಲ್ಲೇ ಇದ್ದಾರೆ. ನನ್ನನ್ನು ಕರೆಸಿಲ್ಲ. ದಿನಾ ಹೇಳುತ್ತಿದ್ದೇನೆ.